ಪ್ರಾರ್ಥನೆಗಿಟ್ಟ ಚೀಟಿ

ಪಟ, ಪಟ, ಪಟ. ನೀರು ಮುಟ್ಟಿಕೊಳ್ಳುವಷ್ಟು ಬಿಡುವು. ಮತ್ತೆ ಪಟ, ಪಟ. ಅತ್ತಿಗುಪ್ಪೆಯ ನಮ್ಮ ಮನೆಯ ಹಿಂದಿನ ಶೀಟಿನ ಮನೆಯಲ್ಲಿ ಒಂಟಿಯಾಗಿದ್ದ ಸಿಂದಗಿ ಕಡೆಯ ನೀಲವ್ವ, ಮೆಸ್‌ಗಳಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದ ಆ ಸದ್ದು, ಮೆಟ್ರೋ ಹಾದುಹೋಗುವಾಗ ಕ್ಷಣಕಾಲ ಮುಳುಗಿ ಮತ್ತೆ ತಲೆಯೆತ್ತುತ್ತಿತ್ತು. ಸದ್ದಿಗಿಂತ ಚೆನ್ನಾಗಿ ನೆನಪಿರುವುದು ಅದು ನಿಲ್ಲುತ್ತಿದ್ದ ಬಗೆ. ನಾನು ಹೊಸಿಲು ದಾಟಿ "ಪ್ರಾರ್ಥನೆ ಮಾಡೋಣ್ವಾ?" ಎಂದೊಡನೆ ಅವಳು ಹಿಟ್ಟಿನ ಕೈಯನ್ನು ಸೆರಗಿಗೊರೆಸಿ, ಕೊರಳಿನ ಲಿಂಗದ ಕರಡಿಗೆಯ ಮೇಲಿಟ್ಟು, ಕಣ್ಣು ಮುಚ್ಚಿಬಿಡುತ್ತಿದ್ದಳು. ದೇವರು ಯಾರವರಾದರೇನು, ಮನೆಗೆ ಬಂದವರಿಗೆ ಮರ್ಯಾದೆ ಎಂಬಂತೆ.

ನನ್ನ ಪ್ರಾರ್ಥನೆಗಳು ಉದ್ದ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಪ್ರೇಯರುಗಳು ಚುಟುಕಾಗಿದ್ದವು. ಕನ್ನಡಕ್ಕೆ ಬಂದ ಮೇಲೆ ನನಗೆ ವಿಶೇಷಣಗಳ ಚಟ ಹತ್ತಿತು. ಕರುಣಾಸಾಗರನೇ, ಕೃಪಾನಿಧಿಯೇ ಎಂದು ಪರಮಾತ್ಮನನ್ನು ಸಂಬೋಧಿಸಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲು. "ಇರ್ಲಿ ಬಿಡ್ರಿ ಅಕ್ಕೋರ, ಇದು ನಿಮ್ಮ ದೇವ್ರ ಪಾಲು," ಎಂದು ನಕ್ಕು ಪಕ್ಕಕ್ಕಿಡುತ್ತಿದ್ದಳು. ನಾನೂ ನಗುತ್ತಿದ್ದೆ.

ಸಭೆಯ ಲೇಡೀಸ್ ಫೆಲೋಶಿಪ್ಪಿನಲ್ಲಿ ಗೆಳತಿ ಸ್ಟೆಲ್ಲಾ ಕೆಣಕುವಳು: "ಏನೇ, ನಿನ್ನ ರೊಟ್ಟಿಯಮ್ಮ ಇನ್ನೂ ಚರ್ಚಿಗೆ ಬರ್ಲಿಲ್ವಾ? ರೊಟ್ಟಿ ಮಾತ್ರ ನಿನ್ನ ಹೊಟ್ಟೆಗೆ ಬಂತು!"

"ಪೇಷನ್ಸ್ ಕಣೇ," ಎನ್ನುತ್ತಿದ್ದೆ. ಒಂದು ಆತ್ಮವನ್ನು ಬೆಳಕಿಗೆ ತರುತ್ತಿರುವ ಹಿಗ್ಗು ನನಗೆ.

ಒಂದು ದಿನ ನಾನು ಯೇಸುಸ್ವಾಮಿ ಕುರುಡನೊಬ್ಬನಿಗೆ ಕಣ್ಣು ಕೊಟ್ಟ ಪ್ರಸಂಗವನ್ನು ರಸವತ್ತಾಗಿ ಹೇಳುತ್ತಿದ್ದಾಗ ನೀಲವ್ವ ನಡುವೆ ಬಾಯಿಹಾಕಿದಳು. "ಅಕ್ಕೋರ, ಕಣ್ಣಿನ ಕ್ಯಾಂಪಿನ್ಯಾಗ ಈ ಚೀಟಿ ಕೊಟ್ಟಾರ್ರಿ. ಇಂಗ್ಲೀಷ್ನ್ಯಾಗ ಐತಿ. ಏನ್ ಬರದಾರ ಸ್ವಲ್ಪ ನೋಡ್ರಿ."

ಕಥೆ ಕ್ಲೈಮ್ಯಾಕ್ಸಿನಲ್ಲಿತ್ತು, ಓದುವ ಕನ್ನಡಕ ಮನೆಯಲ್ಲಿತ್ತು. ನಮ್ಮಲ್ಲೊಂದು ರೂಢಿಯಿದೆ: ಯಾರದಾದರೂ ಕಷ್ಟವನ್ನು ಚೀಟಿಯಲ್ಲಿ ಬರೆದು ಪ್ರಾರ್ಥನೆಯ ಪುಸ್ತಕದೊಳಗಿಟ್ಟು, ದಿನವೂ ಅದರ ಮೇಲೆ ಕೈಯಿಟ್ಟು ಬೇಡುವುದು. ಅಭ್ಯಾಸಬಲದಿಂದ ಅವಳ ಚೀಟಿಯೂ ಮಡಿಚಿದಂತೆಯೇ ಪುಸ್ತಕ ಸೇರಿತು, ಅದರ ಕವರಿನ ಜಿಪ್ ಎಳೆದೆ. "ನಾನು ನೋಡ್ಕೋತೀನಿ ಬಿಡಮ್ಮಾ," ಎಂದೆ.

ಮೂರು ವಾರ, ದಿನವೂ ಬೆಳಿಗ್ಗೆ, ಅದರ ಮೇಲೆ ಕೈಯಿಟ್ಟು ಕಣ್ಣೀರಿಟ್ಟೆ. ಆ ಕಣ್ಣೀರು ನಿಜವಾದದ್ದು. ಅದೇ ನನಗಿರುವ ಭಯ. ನಡುವೆ ಅವಳು, "ಕಣ್ಣಿಗೆ ಪರದಿ ಬಿಟ್ಟಂಗ ಆಗೈತ್ರಿ," ಎಂದಾಗಲೂ ಸಮಾಧಾನ ಹೇಳಿದೆ: "ನಂಬಿಕೆ ಇಡು, ಚೀಟಿ ನನ್ನ ಹತ್ರಾನೇ ಇದೆ."

ಕೊನೆಗೆ ಪುಸ್ತಕದಿಂದ ಅದು ತಾನಾಗಿ ಜಾರಿ ಬಿದ್ದ ದಿನ ಬಿಚ್ಚಿ ಓದಿದೆ. ಕಣ್ಣಿನೊಳಗಿನ ಒತ್ತಡ ವಿಪರೀತವಾಗಿದೆ, ಇಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ತಡವಾದರೆ ದೃಷ್ಟಿ ಉಳಿಯದು. ಎಲ್ಲ ನನ್ನ ಇಂಗ್ಲಿಷಿನಲ್ಲಿ. ಆ ಬೀದಿಯಲ್ಲಿ ನಾನೊಬ್ಬಳೇ ಸಲೀಸಾಗಿ ಓದಬಲ್ಲೆನೆಂದು ಜಂಬಪಟ್ಟ ಭಾಷೆಯಲ್ಲಿ.

ಆಟೋದಲ್ಲಿ ಕರೆದುಕೊಂಡು ಓಡಿದೆ. "ಇಷ್ಟು ದಿನ ಏನ್ ಮಾಡ್ತಿದ್ರಿ ಮೇಡಂ?" ಎಂದರು ಡಾಕ್ಟರು. ಪ್ರೇಯರ್ ಎನ್ನುವ ಬದಲು ಚೀಟಿಯನ್ನು ಅವರ ಮುಂದೆ ಚಾಚಿದೆ.

ಚೀಟಿ ಓದಿರಲಿಲ್ಲವೆಂದು ನೀಲವ್ವನಿಗೆ ಹೇಳಿದೆ. "ನೀವು ಓದೀರಂತ ತಿಳ್ಕೊಂಡಿದ್ನ್ರಿ," ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಆ ಕುರುಡನ ಪ್ರಸಂಗವನ್ನು ಈಗ ಓದಲಾರೆ. ಕಣ್ಣು ಕೊಡುವ ಮೊದಲು ಸ್ವಾಮಿ ಅವನನ್ನು, ನಿನಗೇನು ಬೇಕೆಂದು ಕೇಳುತ್ತಾರೆ. ಅಷ್ಟು ಸಲ ಹೇಳಿದ ಕಥೆಯಲ್ಲಿ ಆ ಒಂದು ಸಾಲನ್ನು ಅವಸರದಲ್ಲಿ ಹಾರಿಸಿಯೇ ಹೇಳುತ್ತಿದ್ದೆ. ಕ್ಷಮೆಯಿದೆ ಎಂದು ಊರಿಗೆಲ್ಲ ಸಾರಿದವಳು ನಾನು. ನನ್ನ ಪಾಲಿಗೆ ಅದು ಎಲ್ಲಿದೆಯೋ ಕಾಣುತ್ತಿಲ್ಲ.

ನೀಲವ್ವನನ್ನು ಅವಳ ಮಗಳು ಊರಿಗೆ ಕರೆದೊಯ್ಯಲು ಬಂದ ದಿನವೇ ನಾನವಳನ್ನು ಕೊನೆಯ ಸಲ ನೋಡಿದ್ದು. ಬುತ್ತಿಗೆಂದು ಕೈಯಂದಾಜಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು, ಪಟ, ಪಟ. ನಾನು ಹೊಸಿಲಲ್ಲಿ ನಿಂತೆ, ಪ್ರಾರ್ಥನೆಯ ಮಾತೆತ್ತಲಿಲ್ಲ. ಸದ್ದು ನಿಂತಿತು. ನನ್ನ ಹೆಜ್ಜೆಯ ಗುರುತು ಹಿಡಿದು ಅವಳು ಕೈಯೊರೆಸಿಕೊಂಡು ಕರಡಿಗೆಯ ಮೇಲಿಟ್ಟು, ಏನೂ ಕಾಣದ ಆ ಎರಡು ಕಣ್ಣುಗಳನ್ನು ನನಗಾಗಿ ಮುಚ್ಚಿಕೊಂಡು ಕಾದಳು. ಹಂಚಿನ ಮೇಲೆ ರೊಟ್ಟಿ ಹೊಗೆಯಾಡತೊಡಗಿತು. ನಾನು ಬಗ್ಗಿ ಅದನ್ನು ಮಗುಚಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.