ಪ್ರಿನ್ಸಿಪಾಲರ ಗೇಟು ಮತ್ತು ಪುಟ್ಟರಾಜು

ಎಲೆಕ್ಟ್ರಿಷಿಯನ್ ಪುಟ್ಟರಾಜುವಿಗೆ ಕಿವಿ ಕೇಳಿಸುವುದಿಲ್ಲವೆಂದು ಪಟ್ಟಾಭಿರಾಮಯ್ಯನವರು ಪೂರ್ತಿ ಎರಡು ತಿಂಗಳು ನಂಬಿದ್ದರು. ಕೇಳಿದ್ದಕ್ಕೆ ಉತ್ತರವಿಲ್ಲ, ಕರೆದರೆ ತಿರುಗುವುದಿಲ್ಲ. ಹೊಳೆನರಸೀಪುರದಲ್ಲಿ ಕಾಲೇಜು ಪ್ರಿನ್ಸಿಪಾಲರಾಗಿ ನಿವೃತ್ತರಾಗಿದ್ದ ಅವರಿಗೆ, ತಾವು ಮಾತಾಡುವಾಗ ಎದುರಿನವನು ಸುಮ್ಮನಿರಲು ಕಿವುಡಲ್ಲದೆ ಬೇರೆ ಕಾರಣವಿರಬಹುದೆಂದು ಹೊಳೆದಿರಲಿಲ್ಲ. ಪಾಪ, ಕೇಳಿಸಲಿ ಎಂದು ಕೂಗಿ ಕೂಗಿ ಬೈಯುತ್ತಿದ್ದರು. ಒಂದು ದಿನ ಅವರ ಹೆಂಡತಿ ಹಂಸಮ್ಮ ಅಡುಗೆಮನೆಯಿಂದ ಕಾಫಿ ಬೇಕೇನಪ್ಪ ಎಂದು ಮೆಲ್ಲಗೆ ಕೇಳಿದರೆ, ತಾರಸಿಯಿಂದ "ಸಕ್ಕರೆ ಕಮ್ಮಿ, ಅಮ್ಮಾರೆ" ಎಂದು ಉತ್ತರ ಬಂತು. ಅಂದಿನಿಂದ ಪ್ರಿನ್ಸಿಪಾಲರ ಸಿಟ್ಟು ಇಮ್ಮಡಿಯಾಯಿತು.

ಪುಟ್ಟರಾಜು ದಂಡಿಗನಹಳ್ಳಿಯವನು. ಇಪ್ಪತ್ತು ವರ್ಷ ಚನ್ನರಾಯಪಟ್ಟಣದ ಸುತ್ತ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿ, ಆಮೇಲೆ ಫೋನಿನಿಂದ ನಡೆಯುವ ಮನೆಗಳ ಕೆಲಸ ಕಲಿತು ಹಾಸನಕ್ಕೆ ಬಂದವನು. ಎರಡು ಕಡೆಯೂ ಅವನ ಪದ್ಧತಿ ಒಂದೇ: ಕೆಟ್ಟಿರುವುದು ಯಂತ್ರವೋ ಯಜಮಾನನೋ ಎಂದು ಮೊದಲು ನೋಡುವುದು. ಬಹಳ ಸಲ ಯಜಮಾನನೇ ಕೆಟ್ಟಿರುತ್ತಿದ್ದರಿಂದ ಅವನು ಮಾತು ಕಡಿಮೆ ಮಾಡಿದ್ದ.

ಹಾಸನದ ಹೊಸ ಬಡಾವಣೆಯಲ್ಲಿ ಪ್ರಿನ್ಸಿಪಾಲರು ಕಟ್ಟಿಸಿದ ಮನೆಯಲ್ಲಿ ದೀಪ, ನೀರಿನ ಮೋಟಾರು, ಗೇಟು ಎಲ್ಲವೂ ಫೋನಿನ ಅಪ್ಪಣೆಗೆ ಕಾಯಬೇಕಿತ್ತು. ಮೊದಲು ಹಾಲಿನ ದೀಪ ಕೈಕೊಟ್ಟಿತು. ಹಂಸಮ್ಮ ಹಳೆಯ ರೂಢಿಯಂತೆ ಗೋಡೆಯ ಸ್ವಿಚ್ಚನ್ನು ಆರಿಸಿಬಿಡುತ್ತಿದ್ದರು; ಆಮೇಲೆ ಫೋನು ಎಷ್ಟು ಒತ್ತಿದರೂ ದೀಪ ಹತ್ತುತ್ತಿರಲಿಲ್ಲ. ಪುಟ್ಟರಾಜು ಸ್ವಿಚ್ಚಿಗೆ ಟೇಪು ಅಂಟಿಸಿ ಹೋದ. ಆಮೇಲೆ ಇಡೀ ಮನೆ ಫೋನಿಗೆ ಸಿಗದಾಯಿತು. ದೂಳು ಕೂರದಿರಲೆಂದು ಪ್ರಿನ್ಸಿಪಾಲರು ವೈಫೈ ಡಬ್ಬಿಯನ್ನು ಕಬ್ಬಿಣದ ಬೀರುವಿನೊಳಗೆ, ರೇಷ್ಮೆ ಸೀರೆಗಳ ಪಕ್ಕ, ಬೀಗ ಹಾಕಿ ಇಟ್ಟಿದ್ದರು. ಅವನು ಅದನ್ನು ಬೀರುವಿನ ಮೇಲಿಟ್ಟು ಹೋದ. ಎರಡು ಸಲವೂ ಬೈಗುಳ ಅವನಿಗೇ.

ಮೂರನೆಯದು ಗೇಟು. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ಅಲುಗುತ್ತಲೇ ಇರಲಿಲ್ಲ. ಪುಟ್ಟರಾಜು ಬರುವ ಹೊತ್ತಿಗೆ ತಾನೇ ಸರಿಹೋಗಿರುತ್ತಿತ್ತು. ಒಂದು ಮಂಗಳವಾರ ಕೊರವಂಗಲದಿಂದ ಬಂದ ಬೀಗರು ಒಂದೂವರೆ ಗಂಟೆ ಬಿಸಿಲಲ್ಲಿ ನಿಂತರು. ಹಂಸಮ್ಮ ಕೀಲಿಯಿಂದ ತೆಗೆಯಲು ಹೋದರೆ, ಆಟೋಮ್ಯಾಟಿಕ್ ಗೇಟನ್ನು ಕೈಯಿಂದ ತಳ್ಳುವುದು ಮರ್ಯಾದೆಯಲ್ಲವೆಂದು ಪ್ರಿನ್ಸಿಪಾಲರು ತಡೆದರು. ನಿಂತಲ್ಲೇ ಬಡಾವಣೆಯ ವಾಟ್ಸಾಪ್ ಗುಂಪಿಗೆ, ಪುಟ್ಟರಾಜುವಿನದು ಕಳಪೆ ಕೆಲಸ, ಯಾರೂ ಅವನನ್ನು ಮನೆಗೆ ಸೇರಿಸಬಾರದು ಎಂದು ಬರೆದರು. ಅದೇ ಬಡಾವಣೆಯಲ್ಲಿ ಹನ್ನೊಂದು ಮನೆಗಳ ಕೆಲಸ ಅವನ ಕೈಯಲ್ಲಿತ್ತು. ಸಂಜೆಯೊಳಗೆ ನಾಲ್ಕು ಮನೆಯವರು ನಾಳೆಯಿಂದ ಬರಬೇಡವೆಂದರು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಪುಟ್ಟರಾಜು ಕರೆಯದೆಯೇ ಬಂದ. ಸಾಮಾನಿನ ಚೀಲ ಬಿಚ್ಚಲಿಲ್ಲ. ಗೇಟು ಯಾವ ಯಾವ ದಿನ, ಎಷ್ಟೆಷ್ಟು ಹೊತ್ತಿಗೆ ಕೆಟ್ಟಿತ್ತು ಎಂದು ಕೇಳಿದ.

"ನಾನೇನು ನಿನ್ನ ಗುಮಾಸ್ತನೇನಯ್ಯಾ?" ಎಂದರು ಪ್ರಿನ್ಸಿಪಾಲರು.

ಹಂಸಮ್ಮ ಅದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರು. ಅವರು ಓದುತ್ತ ಹೋದಂತೆ ಪುಟ್ಟರಾಜು ಗೇಟಿನ ಪಕ್ಕದ ಹೊಸ ಬಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡ. ಪ್ರಿನ್ಸಿಪಾಲರು ಗೋಡೆ ಹಾಳಾಯಿತೆಂದು ಬೀದಿಗೆಲ್ಲ ಕೇಳಿಸುವಂತೆ ಕೂಗಾಡಿದರು. ಅವನು ಪಕ್ಕಕ್ಕೆ ಸರಿದು ನಿಂತ.

"ಓದಿ ಸಾ."

ಪ್ರಿನ್ಸಿಪಾಲರು ತರಗತಿಯ ದನಿಯಲ್ಲೇ ಶುರು ಮಾಡಿದರು. ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ... ಅಲ್ಲಿಗೆ ದನಿ ಇಳಿಯಿತು.

"ಇದು ರಾಹುಕಾಲ," ಎಂದರು.

ಅಷ್ಟರಲ್ಲಿ ಒಂಬತ್ತಾಯಿತು. ಗೇಟು ಕಟಕ್ಕೆಂದು ಬಿಗಿದುಕೊಂಡಿತು. ಆಗ ಅವರಿಗೆ ಗೃಹಪ್ರವೇಶದ ದಿನ ನೆನಪಾಯಿತು. ರಾಹುಕಾಲದಲ್ಲಿ ಈ ಮನೆಯ ಗೇಟೇ ತೆಗೆಯುವುದಿಲ್ಲ ನೋಡಿ ಎಂದು ನೆಂಟರ ಮುಂದೆ ಫೋನಿನಲ್ಲಿ ಏಳೂ ವಾರದ ವೇಳೆ ತುಂಬಿಸಿ ಮೆಚ್ಚುಗೆ ಪಡೆದಿದ್ದವರು ಅವರೇ. ಅವರು ಮರೆತರು, ಗೇಟು ಮರೆಯಲಿಲ್ಲ. ಆ ಹೊತ್ತಿನಲ್ಲಿ ತಾವು ಹೊಸ್ತಿಲು ದಾಟುವವರಲ್ಲವಾದ್ದರಿಂದ ತೊಂದರೆಯೆಲ್ಲ ಬಂದವರ ಪಾಲಿಗಿತ್ತು.

"ನಿಮ್ ಫೋನು, ನಿಮ್ ಬೆಳ್ಳು. ನನ್ ವೈರು ಏನ್ ಮಾಡೈತೆ ಸಾ? ಗ್ರೂಪ್ನಾಗೆ ಬರೀರಿ," ಎಂದ ಪುಟ್ಟರಾಜು.

ಸಿಕ್ಕವರಿಗೆ ಬಾಯಲ್ಲೇ ಹೇಳುತ್ತೇನೆಂದು ಪ್ರಿನ್ಸಿಪಾಲರು ಜಾರಿಕೊಳ್ಳಲು ನೋಡಿದರು. ಅವನು ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಹಂಸಮ್ಮ ಕಾಫಿ ತಂದರು, ಒಂದೇ ಲೋಟ, ಅವನಿಗೆ ಮಾತ್ರ. ಪ್ರಿನ್ಸಿಪಾಲರು 'ತಾಂತ್ರಿಕ ಕಾರಣಗಳಿಂದ' ಎಂದು ಬರೆದರು, ಅವನು ಅಳಿಸಿಸಿದ. 'ಪರಸ್ಪರ ತಪ್ಪು ತಿಳುವಳಿಕೆಯಿಂದ' ಎಂದು ಬರೆದರು; ಅದನ್ನೂ ಅಳಿಸಿಸಿದ. ಕೊನೆಗೆ ತಪ್ಪು ತಮ್ಮದೆಂದೂ ಪುಟ್ಟರಾಜುವಿನ ಕೆಲಸ ಸರಿಯಾಗಿದೆಯೆಂದೂ ಒಂದೇ ಸಾಲು ಉಳಿಯಿತು. ಕಳಿಸಲು ಬೆರಳೆತ್ತಿದ ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಒಂಬತ್ತೂ ಇಪ್ಪತ್ತು.

"ಅಲ್ಲಯ್ಯಾ, ಇದನ್ನ ರಾಹುಕಾಲ ಕಳೆದ್ಮೇಲೆ ಕಳಿಸಿದ್ರೆ ಆಗಲ್ವೇ?"

"ನನ್ ಎಸ್ರು ಕೆಡ್ಸೋವಾಗ ಪಂಚಾಂಗ ನೋಡಿದ್ರಾ ಸಾ? ಒತ್ರಿ."