ಹಲಸೂರಿನ ಮಹಡಿ ಕೋಣೆಗೆ ಸುಜಾತಾ ಕೊಟ್ಟ ಮುಂಗಡ

ದೊಮ್ಮಲೂರಿನ ಪಿಜಿಯ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಸುಜಾತಾ ಎರಡು ಸಲ ಓದಿದಳು. ಬರುವ ತಿಂಗಳಿನಿಂದ ತಲೆಗೆ ಒಂದೂವರೆ ಸಾವಿರ ಹೆಚ್ಚು. ನಾಲ್ವರಿದ್ದ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ವಾರದಲ್ಲಿ ಐದು ದಿನ ಅದೇ ನೀರು ಸಾರು.

ಸುಜಾತಾ ಎಂ.ಎಸ್ಸಿ. ರಸಾಯನಶಾಸ್ತ್ರದ ಮೊದಲ ವರ್ಷದಲ್ಲಿದ್ದಳು. ಹೆಂಗಸರಿಗೆ ಪುಕ್ಕಟೆಯೆಂದು ಎಷ್ಟೇ ತಡವಾಗಲಿ ಬಸ್ಸಿಗೇ ಕಾಯುತ್ತಿದ್ದಳು, ಪುಸ್ತಕಗಳನ್ನು ಸೀನಿಯರ್‌ಗಳಿಂದ ಕೇಳಿ ತರುತ್ತಿದ್ದಳು, ಸಂಜೆ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಸುರಪುರದ ಕಡೆಯಿಂದ ದುಡಿಯಲು ಬಂದ ಅಪ್ಪ ಭೀಮು ಕಟ್ಟಡಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಕೆಲಸ ಎಲ್ಲಿಯೋ ಅಲ್ಲಿಯ ತಗಡಿನ ಶೆಡ್ಡೇ ಅಪ್ಪ ಅಮ್ಮನ ಮನೆ. ಈಗ ಅದು ಕೆ.ಆರ್. ಪುರದ ಆಚೆ ಇತ್ತು. ಅಲ್ಲಿದ್ದುಕೊಂಡು ಓದುವ ಮಾತೇ ಇರಲಿಲ್ಲ.

"ನಾವೇ ರೂಮ್ ಮಾಡೋಣ ಕಣೇ," ಎಂದಳು ಅಂಬ್ರೀನ್. ಬೀದರಿನ ಈ ಹುಡುಗಿ ಅವಳ ಸಹಪಾಠಿ, ಪಕ್ಕದ ಮಂಚದವಳು. "ಅಡುಗೆ ನಾನು ಮಾಡ್ತೀನಿ. ಪಾತ್ರೆ ನೀನು ತೊಳಿ."

ಎರಡು ವಾರ ಹುಡುಕಿದರು. ಎಲ್ಲೆಡೆ ಹತ್ತು ತಿಂಗಳ ಮುಂಗಡ ಕೇಳಿದರು. ಅಂಬ್ರೀನ್ ಹೆಸರು ಹೇಳಿದ ಕೂಡಲೇ 'ರೂಮು ಹೋಗ್ಬಿಡ್ತಲ್ಲಮ್ಮಾ' ಎಂದವರೂ ಇಬ್ಬರಿದ್ದರು. ಮೂರನೆಯ ವಾರ ಹಲಸೂರಿನ ಒಂದು ಓಣಿಯಲ್ಲಿ 'ಟು ಲೆಟ್' ಫಲಕ ಕಂಡಿತು. ಕೆಳಗೆ ಮನೆ, ಮಹಡಿಯ ಮೇಲೆ ಒಂಟಿ ಕೋಣೆ, ಅದಕ್ಕೆ ಎರಡು ಕಿಟಕಿ! ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮನೆಯೊಡತಿ ದೊಡ್ಡಮುನಿಯಮ್ಮ ಇಬ್ಬರ ಹೆಸರನ್ನೂ ಕೇಳಿದರು, ಊರನ್ನೂ ಕೇಳಿದರು.

"ಯಾರಾದ್ರೇನು, ಬಾಡಿಗೆ ಐದನೇ ತಾರೀಕಿಗೆ ಬರ್ಬೇಕು. ಬಾಡಿಗೆ ಐದು ಸಾವಿರ, ಅಡ್ವಾನ್ಸ್ ಐವತ್ತು."

ಪಿಜಿಯಿಂದ ವಾಪಸ್ಸು ಬರುವುದೆಲ್ಲ ಸೇರಿಸಿದರೂ ಇಬ್ಬರ ಬಳಿ ಇಪ್ಪತ್ತು ಸಾವಿರ ದಾಟುತ್ತಿರಲಿಲ್ಲ. ಅಂಬ್ರೀನ್ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಮಗ ಮುನಿರಾಜ್ ಫೋನು ಹಿಡಿದು ಬಂದ.

"ಇವತ್ತೂ ಎತ್ತಲಿಲ್ಲಮ್ಮಾ ಆ ಪೇಂಟರ್ರು. ದುಡ್ಡು ಈಸ್ಕೊಂಡು ಓಡೋಗವ್ನೆ."

"ಇನ್ನು ಹತ್ತು ದಿನಕ್ಕೆ ಚಪ್ಪರ!" ಮುದುಕಿ ತಲೆ ಚಚ್ಚಿಕೊಂಡರು. "ಮೊಮ್ಮಗಳ ಮದುವೆಗೆ ಬಂದೋರು ಈ ಗೋಡೆ ನೋಡಿ ಏನಂದಾರು?"

ಸುಜಾತಾ ಗೋಡೆ ನೋಡಿದಳು. ಪಡಸಾಲೆಯಲ್ಲಿ ಸುಣ್ಣ ಹೊಪ್ಪಳೆ ಎದ್ದಿತ್ತು, ಮುಂಬಾಗಿಲ ಪಕ್ಕ ಬಿರುಕು. ಪಿಯುಸಿಯಿಂದ ಪ್ರತಿ ಬೇಸಿಗೆ ಅಪ್ಪನ ಜೊತೆ ನಿಂತು ಅವಳು ಇಂಥ ಎಷ್ಟೋ ಗೋಡೆ ಉಜ್ಜಿದ್ದಳು.

"ಅಮ್ಮಾ, ನಾ ಹೊಡೀತೀನ್ರೀ ಬಣ್ಣ. ನಮ್ಮಪ್ಪ ಮೇಸ್ತ್ರಿ ಅದಾರ್ರಿ. ಸಾಮಾನು ನೀವು ತರ್ರಿ, ಕೂಲಿ ಬ್ಯಾಡ್ರಿ. ಅಡ್ವಾನ್ಸ್‌ನ್ಯಾಗ ಮುರ್ಕೋರಿ."

ಮುನಿರಾಜ್ ನಕ್ಕುಬಿಟ್ಟ. "ಕಾಲೇಜ್ ಹುಡ್ಗೀರು ಪೇಂಟ್ ಹೊಡೀತೀರಾ?"

ಓಡಿಹೋದ ಪೇಂಟರ್ ಬಿಟ್ಟುಹೋಗಿದ್ದ, ಬಿರುಕು ತುಂಬುವ ಪುಟ್ಟಿಯ ಚೀಲ ಮೂಲೆಯಲ್ಲಿತ್ತು, ಜೊತೆಗೆ ಅದನ್ನು ಸವರುವ ತಗಡಿನ ಪಟ್ಟಿಯೂ. ಸುಜಾತಾ ದುಪಟ್ಟಾ ಸೊಂಟಕ್ಕೆ ಬಿಗಿದು, ಸುಣ್ಣ ಕೆರೆದು, ಪುಟ್ಟಿ ಕಲಸಿ, ಬಾಗಿಲ ಪಕ್ಕದ ಬಿರುಕಿನ ಮೇಲೆ ಪಟ್ಟಿ ಎಳೆದಳು. ಒಂದು, ಎರಡು, ಮೂರು. ಕಾಲು ಗಂಟೆಯಲ್ಲಿ ಬಿರುಕು ಎಲ್ಲಿತ್ತೆಂದು ಹುಡುಕಬೇಕಾಯಿತು. ದೊಡ್ಡಮುನಿಯಮ್ಮ ಅವರೆಕಾಯಿ ಮೊರ ಬದಿಗಿಟ್ಟು ಎದ್ದು ಬಂದರು, ಕನ್ನಡಕ ಹಾಕಿಕೊಂಡು ನೋಡಿದರು.

"ಮುನಿರಾಜಾ, ನಡಿ, ಬಣ್ಣ ತಗೊಂಬಾ. ಗಿಣಿ ಹಸಿರು."

ಕಾಲೇಜಿಗೆ ನಾಲ್ಕು ದಿನ ಸಾಲುರಜೆ. ಮೊದಲ ದಿನವೆಲ್ಲ ಉಜ್ಜುವುದೇ ಆಯಿತು. ಅಂಬ್ರೀನಳ ಹುಬ್ಬೂ ಬೆಳ್ಳಗಾಯಿತು. ಎರಡನೆಯ ದಿನ ತಳಕ್ಕೆ ಪ್ರೈಮರ್. ಏಣಿ ಹತ್ತಿದ ಸುಜಾತಾಳನ್ನು ನೋಡಲು ಓಣಿಯ ಹೆಂಗಸರು ನೀರಿನ ಬಿಂದಿಗೆ ಕೆಳಗಿಟ್ಟು ನಿಂತರು. ಮೂರನೆಯ ದಿನ ಮಧ್ಯಾಹ್ನ ತಾರಸಿಯ ಕೆಳಗಿನ ಮೂಲೆಯಲ್ಲಿ ತೇವ ಒಸರುತ್ತಿರುವುದು ಕಂಡಿತು. ಬಣ್ಣ ಹೊಡೆದರೂ ಹದಿನೈದು ದಿನಕ್ಕೆ ಉದುರುತ್ತದೆ. ಸುಜಾತಾ ಏಣಿ ಇಳಿದಳು. ಅಪ್ಪನಿಗೆ ಫೋನು ಮಾಡಿದಳು.

ಭಾನುವಾರ ಬೆಳಗ್ಗೆ ಏಳಕ್ಕೇ ಭೀಮು ಬಂದಿಳಿದ. ಮಹಡಿ ಹತ್ತಿ, ಕಟ್ಟಿಕೊಂಡಿದ್ದ ನೀರಿನ ಕೊಳವೆಯೊಳಗಿಂದ ಒಂದು ಬುಟ್ಟಿ ಒಣಗಿದ ಎಲೆ ತೆಗೆದ, ತಾರಸಿಯನ್ನು ಬಿಸಿಲಿಗೆ ಒಣಗಲು ಬಿಟ್ಟ, ಅಲ್ಲಿಯ ಸಂದಿಗೆ ಸಿಮೆಂಟು ಮೆತ್ತಿದ. ಮೂಲೆಗೆ ಮಾತ್ರ ಬಣ್ಣ ಹೊಡೆಯಲಿಲ್ಲ.

"ಇದು ಐದಾರು ದಿನ ಆರ್ಬೇಕ್ರಿ. ಮದುವಿ ಹಿಂದಿನ ದಿನ ನಾನೇ ಬಂದು ಹೊಡೀತೀನಿ," ಎಂದು ಮನೆಯವರಿಗೆ ಹೇಳಿದ. ಮಗಳು ಮಾಡಿದ ಗೋಡೆಯ ಮೇಲೆ ಅಂಗೈ ಆಡಿಸಿದ, ಬಗ್ಗಿ ಬೆಳಕಿಗೆ ಓರೆಯಾಗಿ ನೋಡಿದ.

"ಯವ್ವಾ, ಈ ಕಡೆ ನೀನೇ ಹಾಕಿದ್ದೇನು?"

"ಹೂಂ ಅಪ್ಪಾ."

"ನನ್ಕಿಂತ ಚಲೋ ಬಂದದ."

ಅಪ್ಪ ಹೊಗಳುವವನಲ್ಲ. ಸುಜಾತಾಗೆ ಕೂಗಬೇಕು, ಕುಣಿಯಬೇಕು ಅನ್ನಿಸಿ, ಏನೂ ತೋಚದೆ ರೋಲರನ್ನು ಬಣ್ಣದಲ್ಲಿ ಅದ್ದಿ ಭರ್ರನೆ ಎಳೆದಳು.

ಸಂಜೆಗೆ ಮನೆಯ ಮುಂಭಾಗ ಗಿಣಿ ಹಸಿರಿನಲ್ಲಿ ಮಿಂಚುತ್ತಿತ್ತು. ದೊಡ್ಡಮುನಿಯಮ್ಮ ರಸ್ತೆಯ ಆ ಬದಿಗೆ ಹೋಗಿ ನೋಡಿದರು, ಈ ಬದಿಗೆ ಬಂದು ನೋಡಿದರು. ಕೊನೆಗೆ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿದರು.

"ಹದಿನೈದು ಸಾವಿರ ಕೊಡಿ, ಸಾಕು. ಉಳಿದಿದ್ದು ಗೋಡೆ ಮೇಲೈತಲ್ಲ. ಮದುವೆ ಮೂರು ದಿನವೂ ಊಟ ಇಲ್ಲೇ, ತಿಳೀತಾ?"

ಇಬ್ಬರೂ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಅಂಬ್ರೀನ್ ಒಲೆ ಎಲ್ಲಿಡುವುದೆಂದು ಗೇಣು ಹಾಕಿ ಅಳೆಯುತ್ತಿದ್ದಾಗ ಕೆಳಗಿನಿಂದ ಯಾರೋ ಕೂಗಿದರು. ಎದುರು ಮನೆಯ ಶ್ರೀನಿವಾಸ್.

"ಏನಮ್ಮಾ, ನಮ್ಮನೇದೂ ಹೊಡ್ಕೊಡ್ತೀರಾ? ಎಷ್ಟಾಗುತ್ತೆ?"

ಸುಜಾತಾ ಬಾಯಿ ತೆರೆಯುವ ಮೊದಲೇ ಅಂಬ್ರೀನ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. "ಪರೀಕ್ಷೆ ಮುಗೀಲಿ ಅಂಕಲ್! ರೇಟ್ ಗೋಡೆ ನೋಡಿ ಹೇಳ್ತೀವಿ!"