ಮೈಗೆ ಮೆತ್ತಿಕೊಂಡ ಸೀರೆ

ರಬಕವಿಯ ಹುಲೆಪ್ಪ ಹತ್ತಿ ನೇಯ್ಗೆಯನ್ನು ತಂದೆಯಿಂದ ಕಲಿತವನು. ಹೆಂಡತಿ ತಾರವ್ವ ಕಂಡಿಕೆಗೆ ನೂಲು ಸುತ್ತಿಕೊಟ್ಟರೆ ಇವನು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಕೊಳ್ಳುವವರು ಕಡಿಮೆಯಾದ ಮೇಲೆ ಮಗ್ಗ ಬಿಚ್ಚಿ, ಬನಹಟ್ಟಿಯ ಸಾಹುಕಾರ ಬಸವಕುಮಾರರ ಪವರ್‌ಲೂಮಿಗೆ ಸೇರಿದ.

ಅಲ್ಲಿ ಬರುತ್ತಿದ್ದುದೆಲ್ಲ ಪಾಲಿಸ್ಟರ್ ನೂಲು. ಬಣ್ಣ ಬಿಡುವುದಿಲ್ಲ, ಮುದುಡುವುದಿಲ್ಲ. ತುದಿಯ ಎಳೆ ಬಿಚ್ಚದಂತೆ ಊದಿನಕಡ್ಡಿಯ ಕೆಂಡ ತಾಗಿಸಿದರೆ ಸಾಕು, ಕರಗಿ ಅಂಟಿಕೊಳ್ಳುತ್ತಿತ್ತು. ಒಂದು ದೀಪಾವಳಿಗೆ ತಾನೇ ನೇಯ್ದ ಹಸಿರು ಸೀರೆಯನ್ನು ತಾರವ್ವನಿಗೆ ತಂದುಕೊಟ್ಟ. “ಎಷ್ಟ ಒಗದ್ರೂ ಹೊಸಾದರಂಗ ಇರ್ತೈತಿ,” ಎಂದು ಆಕೆ ಓಣಿಗೆಲ್ಲ ತೋರಿಸಿದಳು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಾಗ ಆ ಸೀರೆಯ ಸೆರಗಿಗೆ ಬೆಂಕಿ ತಗುಲಿತು. ಕೂಗು ಕೇಳಿ ಓಡಿಬಂದ ಹುಲೆಪ್ಪ ಕೊಡದ ನೀರು ಸುರಿದ. ಬೆಂಕಿಯೇನೋ ಆರಿತು, ಸೀರೆ ಮಾತ್ರ ಮೈಬಿಟ್ಟು ಬರಲಿಲ್ಲ. ಮೇಣದಂತೆ ಕರಗಿ ಆಕೆಯ ಬಲಗೈಗೂ ಪಕ್ಕೆಗೂ ಮೆತ್ತಿಕೊಂಡಿತ್ತು.

“ಜಗ್ಗಬ್ಯಾಡ್ರಿ,” ಎಂದಳು ತಾರವ್ವ. “ತೊಗಲ ಬರಾಕತ್ತೈತಿ.”

ಮುಧೋಳದ ಆಸ್ಪತ್ರೆಯಲ್ಲಿ ಡಾಕ್ಟರ್ ಅವನನ್ನು ಪಕ್ಕಕ್ಕೆ ಕರೆದರು. “ಹತ್ತಿ ಸೀರಿನೂ ಸುಡ್ತೈತಿ, ಖರೆ. ಆದ್ರ ಅದು ಬೂದಿಯಾಗಿ ಉದರ್ತೈತಿ. ಇದು ಕರಗಿ ಅಂಟಿಕೊಂಡ ಸುಟ್ಟೈತಿ. ಜೀವಕ್ಕ ಭಯ ಇಲ್ಲ. ಕೈ ಮೊದಲಿನಂಗ ಆಗೂದು ಕಠಿಣ.”

ಹುಲೆಪ್ಪ ಗೋಡೆಗೆ ಒರಗಿದ. ಆ ನೂಲು ಕರಗುತ್ತದೆಂದು ಅವನಿಗೆ ಹೇಳಿಕೊಡಬೇಕಿತ್ತೇ? ದಿನವೂ ಕರಗಿಸುತ್ತಿದ್ದವನೇ ಅವನು. ಮೈಮೇಲಿದ್ದಾಗಲೂ ಅದು ಅದೇ ನೂಲು ಎಂಬುದು ಮಾತ್ರ ಹೊಳೆದಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ತಾರವ್ವನ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಉಡಿಸಲು ಟ್ರಂಕು ತೆಗೆದರೆ ನೇಕಾರನ ಮನೆಯಲ್ಲಿ ಒಂದೂ ಹತ್ತಿ ಸೀರೆ ಇರಲಿಲ್ಲ. ತನ್ನ ಹಳೆಯ ಧೋತರವನ್ನೇ ಆಕೆಗೆ ಸುತ್ತಿದ.

ಸಾಹುಕಾರರ ಬಳಿ ಹೋಗಿ, “ಒಂದ ಮಗ್ಗಕ್ಕರ ಹತ್ತಿ ನೂಲ ಹಾಕೋಣ್ರಿ,” ಎಂದ.

ಬಸವಕುಮಾರ ಕಠೋರ ಮನುಷ್ಯರಲ್ಲ. ಆಸ್ಪತ್ರೆಗೂ ಬಂದುಹೋಗಿದ್ದರು. “ಹಾಕೂನು. ತಗೊಳ್ಳಾವ್ರು ಯಾರು ಹೇಳು? ನನ್ನ ಮನ್ಯಾಗೂ ಇದನ್ನ ಉಡ್ತಾರ,” ಎಂದರು.

ಹುಲೆಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಕೇಳಿದ. ವಯಸ್ಸು ನೋಡಿ ಕಳಿಸಿಬಿಟ್ಟರು. ಮರಳಿ ಅದೇ ಮಗ್ಗಕ್ಕೆ ನಿಂತ.

ಒಂದು ದಿನ ಚಿಮ್ಮಡದ ಕಡೆಯ ಹೆಂಗಸರು ಮದುವೆಗೆಂದು ಸಾಹುಕಾರರ ಬಳಿಯೇ ಸೀರೆ ಕೊಳ್ಳಲು ಬಂದಿದ್ದರು. ಹುಲೆಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದು, “ಒಲಿ ಮುಂದ ಇವನ್ನ ಉಡಬ್ಯಾಡ್ರಿ ಯವ್ವಾ. ಮೈಗೆ ಅಂಟತಾವು,” ಎಂದ. ಅವರು ಮುಖ ಮುಖ ನೋಡಿಕೊಂಡು ನಕ್ಕರು. ಆರಿಸಿದ್ದ ಸೀರೆಗಳನ್ನು ಕಟ್ಟಿಸಿಕೊಂಡು ಆಟೋ ಹತ್ತಿದರು. ಇನ್ನುಮೇಲೆ ಗಿರಾಕಿಗಳ ಮುಂದೆ ಬರಬೇಡವೆಂದು ಸಾಹುಕಾರರು ಮೆಲ್ಲಗೆ ಹೇಳಿದರು.

ಸಂಜೆ ನಡೆದದ್ದನ್ನು ತಾರವ್ವನಿಗೆ ಹೇಳಿದ.

“ಒಬ್ಬಾಕಿನೂ ನಿಮ್ಮ ಮಾತ ಕೇಳಲಿಲ್ಲೇನ್ರಿ?”

“ಇಲ್ಲ.”

ಆಕೆ ಗೋಡೆಯ ಕಡೆ ಮಗ್ಗುಲಾದಳು. ಹುಲೆಪ್ಪ ಪರಾತಕ್ಕೆ ಜೋಳದ ಹಿಟ್ಟು ಹಾಕಿಕೊಂಡು ನಾದಲು ಕೂತ.